ಕಾರಿನ ಟೈರು: ಅಳತೆಯ ಆಯ್ಕೆ ಮತ್ತು ಮಾರುವವರ ಹೊಣೆ

ಕೊಪ್ಪಳ–ಹೊಸಪೇಟೆ ಹೆದ್ದಾರಿಯ ಮೇಲಿರುವ ಗಿಣಿಗೇರಾ ಇಂದು ಬರಿಯ ಗ್ರಾಮವಾಗಿ ಉಳಿದಿಲ್ಲ. ಉಕ್ಕಿನ ಕಾರ್ಖಾನೆಗಳು, ಅವುಗಳನ್ನು ನೆಚ್ಚಿಕೊಂಡ ಸಣ್ಣ ಘಟಕಗಳು, ಲಾರಿ ಕಚೇರಿಗಳು, ಗಂಗಾವತಿಯ ಕಡೆಗೆ ಕವಲೊಡೆಯುವ ರೈಲು ಮಾರ್ಗ ಎಲ್ಲವೂ ಸೇರಿ ಅದೊಂದು ಉದ್ಯಮ ಕೇಂದ್ರವಾಗಿದೆ. ಇಲ್ಲಿನ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಕಾರು ಎಂಬುದು ವೈಭವದ ವಸ್ತುವಲ್ಲ, ದುಡಿಮೆಯ ಸಾಧನ. ಬೆಳಿಗ್ಗೆ ಗಂಗಾವತಿಯ ಅಕ್ಕಿ ಗಿರಣಿಗೆ, ಮಧ್ಯಾಹ್ನ ಕುಷ್ಟಗಿ ಅಥವಾ ಯಲಬುರ್ಗಾದ ಮಾರುಕಟ್ಟೆಗೆ, ಮರುದಿನ ವಸೂಲಿಗಾಗಿ ಹುಬ್ಬಳ್ಳಿಗೆ ಹೋಗಿ ಬರುವ ಈ ಕಾರಿನಲ್ಲಿ ಮಾಲೀಕರಲ್ಲದೆ ಗುಮಾಸ್ತರೂ, ಹಿಂಬದಿಯಲ್ಲಿ ಮಾದರಿಯ ಚೀಲಗಳೂ, ಕೆಲವೊಮ್ಮೆ ಯಂತ್ರದ ಬಿಡಿಭಾಗಗಳೂ ಇರುತ್ತವೆ.

ಇಂತಹ ಕಾರಿಗೆ ಟೈರು ಬದಲಿಸುವ ಸಂದರ್ಭ ಬಂದಾಗ ಕೆಲವು ವರ್ಷಗಳಿಂದ ಒಂದು ಹೊಸ ರೂಢಿ ಕಾಣಿಸಿಕೊಂಡಿದೆ. ಕಂಪನಿ ಕೊಟ್ಟ ಚಕ್ರಗಳನ್ನು ತೆಗೆದುಹಾಕಿ, ಒಂದು ಅಥವಾ ಎರಡು ಇಂಚು ದೊಡ್ಡದಾದ ಅಲಾಯ್ ವ್ಹೀಲ್‌ಗಳನ್ನೂ ಅಗಲವಾದ ಟೈರುಗಳನ್ನೂ ಹಾಕಿಸಿದರೆ ಕಾರು ರಸ್ತೆಯನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ ಎಂಬುದು ಅಂಗಡಿಗಳಲ್ಲಿ ಕೇಳಿಬರುವ ಮಾತು. ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಅದು ಎಷ್ಟರ ಮಟ್ಟಿಗೆ ನಿಜ, ಎಂತಹ ರಸ್ತೆಯಲ್ಲಿ ನಿಜ ಎಂಬುದನ್ನು ಲೆಕ್ಕ ಹಾಕದೆ ಹಣ ಹೂಡುವುದು ವ್ಯವಹಾರ ಬಲ್ಲವರಿಗೆ ತಕ್ಕುದಲ್ಲ.

ಟೈರಿನ ಪಕ್ಕೆಯ ಮೇಲೆ 185/65 ಆರ್15 ಎಂಬಂತಹ ಬರಹವಿರುತ್ತದೆ. ಮೊದಲನೆಯದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಭಾಗ ಪಕ್ಕೆಯ ಎತ್ತರ ಎಂಬುದು. ಕೊನೆಯದು ರಿಮ್ಮಿನ ವ್ಯಾಸ, ಇಂಚುಗಳಲ್ಲಿ. ಈ ಮೂರರಿಂದ ಇಡೀ ಚಕ್ರದ ಹೊರವ್ಯಾಸವನ್ನು ಯಾವ ಗುಮಾಸ್ತನಾದರೂ ಎರಡು ನಿಮಿಷದಲ್ಲಿ ತೆಗೆಯಬಹುದು. ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುತ್ತಿದ್ದ ಕಮ್ಮಾರನೂ ಮೊದಲು ಗಾಲಿಯ ಸುತ್ತಳತೆಯನ್ನು ಅಳೆದೇ ಪಟ್ಟಿ ಕತ್ತರಿಸುತ್ತಿದ್ದನು. ಲಕ್ಷಾಂತರ ರೂಪಾಯಿಯ ಕಾರಿಗೆ ಆ ಅಳತೆಯೂ ಇಲ್ಲದಿರುವುದು ಸೋಜಿಗವೇ ಸರಿ.

ಸಾಮಾನ್ಯವಾಗಿ ಕಾಣಸಿಗುವ ಮಾರುತಿ ಸ್ವಿಫ್ಟ್ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 2018ರಲ್ಲಿ ಬಂದ ಮಾದರಿಯ ಕೆಳಗಿನ ಶ್ರೇಣಿಗಳಿಗೆ 165/80 ಆರ್14, ಮೇಲಿನ ಶ್ರೇಣಿಗೆ 185/65 ಆರ್15 ಟೈರುಗಳನ್ನು ಕಂಪನಿಯೇ ನೀಡಿತು. ಮೊದಲನೆಯದರ ಹೊರವ್ಯಾಸ ಸುಮಾರು 620 ಮಿ.ಮೀ., ಎರಡನೆಯದರದು ಸುಮಾರು 622 ಮಿ.ಮೀ. ಎರಡು ಮಿಲಿಮೀಟರಿನ ಅಂತರವೆಂದರೆ ಇಲ್ಲವೆಂದೇ ಲೆಕ್ಕ. ಆದರೆ ಪಕ್ಕೆಯ ಎತ್ತರ 132ರಿಂದ 120 ಮಿ.ಮೀ.ಗೆ ಇಳಿಯುತ್ತದೆ, ಅಗಲ 20 ಮಿ.ಮೀ. ಹೆಚ್ಚುತ್ತದೆ. ತಿರುವಿನಲ್ಲಿ ಟೈರಿನ ಪಕ್ಕೆ ವಾಲುವುದರಿಂದಲೇ ಸ್ಟೀರಿಂಗಿನ ಆಜ್ಞೆ ಚಕ್ರಕ್ಕೆ ತಡವಾಗಿ ತಲುಪುತ್ತದೆಯಾದ್ದರಿಂದ, ಪಕ್ಕೆ ಗಿಡ್ಡವಾದಷ್ಟೂ ಕಾರು ಚುರುಕಾಗಿ ತಿರುಗುತ್ತದೆ. ಸಾಮಾನ್ಯವಾಗಿ ಈ ಅಳತೆಗಳ ಮೇಲೆ ಕಾಣುವ 85 ಮತ್ತು 88 ಎಂಬ ಭಾರಸೂಚಿಗಳ ಪ್ರಕಾರ ಪ್ರತಿ ಟೈರು ಹೊರಬಲ್ಲ ತೂಕವೂ 515 ಕಿಲೋದಿಂದ 560 ಕಿಲೋಗೆ ಏರುತ್ತದೆ. ಆದುದರಿಂದ ಕೆಳಗಿನ ಶ್ರೇಣಿಯ ಕಾರಿನ ಮಾಲೀಕರು ಅದೇ ಮಾದರಿಯ ಮೇಲಿನ ಶ್ರೇಣಿಯ ಅಳತೆಗೆ, ಅದಕ್ಕೆ ಹೊಂದುವ ರಿಮ್ಮಿನೊಡನೆ ಏರುವುದು ಸರ್ವಥಾ ಸಮರ್ಥನೀಯ.

ತೊಡಕು ಆರಂಭವಾಗುವುದು ಅಲ್ಲಿಂದ ಮುಂದೆ. 195/55 ಆರ್16 ಹಾಕಿದರೆ ಹೊರವ್ಯಾಸ 621 ಮಿ.ಮೀ. ಆಗಿ ಲೆಕ್ಕ ಸರಿಹೊಂದುತ್ತದೆ, ಆದರೆ ಪಕ್ಕೆ 107 ಮಿ.ಮೀ.ಗೆ ಇಳಿಯುತ್ತದೆ. 205/45 ಆರ್17ಕ್ಕೆ ಹೋದರೆ ಉಳಿಯುವುದು ಬರಿಯ 92 ಮಿ.ಮೀ. ಚಕ್ರ ತಗ್ಗಿಗೆ ಬಿದ್ದಾಗ ಪೆಟ್ಟನ್ನು ಮೊದಲು ನುಂಗುವುದು ಈ ಪಕ್ಕೆಯೊಳಗಿನ ಗಾಳಿಯೇ. ಅದು ಕಡಿಮೆಯಾದಾಗ ಪೆಟ್ಟು ರಿಮ್ಮಿಗೂ, ಸಸ್ಪೆನ್ಷನ್ನಿನ ಬುಶ್ಶುಗಳಿಗೂ, ಬೇರಿಂಗಿಗೂ ನೇರವಾಗಿ ತಾಗುತ್ತದೆ. ನಯವಾದ ರಸ್ತೆಯಲ್ಲಿ ಗಳಿಸಿದ ಚುರುಕು ಉಬ್ಬುತಗ್ಗಿನ ರಸ್ತೆಯಲ್ಲಿ ಉಳಿಯುವುದೂ ಇಲ್ಲ. ಚಕ್ರ ಪುಟಿದು ನೆಲ ಬಿಟ್ಟ ಕ್ಷಣದಲ್ಲಿ ಎಷ್ಟು ಅಗಲದ ಟೈರಿದ್ದರೂ ಹಿಡಿತ ಸೊನ್ನೆ.

ಗಿಣಿಗೇರಾ ಸುತ್ತಲಿನ ರಸ್ತೆಗಳ ಸ್ವರೂಪ ಇಲ್ಲಿ ನಿರ್ಣಾಯಕವಾಗುತ್ತದೆ. ಹೆದ್ದಾರಿಯ ಮೇಲೆ ವೇಗವಾಗಿ ಬಂದ ಕಾರು ಕಾರ್ಖಾನೆಯ ಕಡೆಗೆ ತಿರುಗಿದೊಡನೆ ಅದಿರು ಮತ್ತು ಕಲ್ಲಿದ್ದಲಿನ ಲಾರಿಗಳು ಜಜ್ಜಿದ ರಸ್ತೆಯನ್ನು ಎದುರಿಸಬೇಕು. ಯಲಬುರ್ಗಾ ಕಡೆಯ ಎರೆಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಅದರ ಮೇಲಿನ ಡಾಂಬರು ಸಮತಟ್ಟಾಗಿ ನಿಲ್ಲುವುದು ಕಷ್ಟ. ಗಂಗಾವತಿ ಭಾಗದಲ್ಲಿ ಭತ್ತದ ಕೊಯ್ಲಿನ ಕಾಲಕ್ಕೆ ಗದ್ದೆಯಿಂದ ಬರುವ ಟ್ರ್ಯಾಕ್ಟರುಗಳು ರಸ್ತೆಯ ಮೇಲೆ ಕೆಸರು ಬಳಿಯುತ್ತವೆ. ನೀರು ಅಥವಾ ತೆಳುಕೆಸರಿನ ಮೇಲೆ ಅಗಲವಾದ ಟೈರು ಕಿರಿದಾದ ಟೈರಿಗಿಂತ ಬೇಗ ತೇಲುತ್ತದೆ ಎಂಬುದು ಬಹುಮಂದಿಗೆ ತಿಳಿಯದ ಸಂಗತಿ. ಅಗಲವೇ ಹಿಡಿತ ಎಂಬ ಸೂತ್ರ ಒಣರಸ್ತೆಗೆ ಮಾತ್ರ ಅನ್ವಯ.

ಅಲಾಯ್ ಚಕ್ರ ಹಗುರವೆಂಬ ನಂಬಿಕೆಯನ್ನೂ ಪರಿಶೀಲಿಸುವುದು ಒಳಿತು. ಒಂದೇ ಅಳತೆಯಲ್ಲಿ ಹೋಲಿಸಿದರೆ ಅದು ಹಲವು ಸಲ ನಿಜ. ಎರಡು ಇಂಚು ದೊಡ್ಡದಾದ ಅಗ್ಗದ ಎರಕದ ಚಕ್ರವು ಮೂಲ ಉಕ್ಕಿನ ಚಕ್ರಕ್ಕಿಂತ ಭಾರವಾಗಿರುವುದು ಅಪರೂಪವಲ್ಲ. ಇನ್ನು ಎರಕಕ್ಕೂ ಉಕ್ಕಿನ ತಗಡಿಗೂ ಇರುವ ವ್ಯತ್ಯಾಸವನ್ನು ಗಿಣಿಗೇರಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಕ್ಕಿನ ರಿಮ್ ಪೆಟ್ಟಿಗೆ ಬಾಗುತ್ತದೆ, ಎರಕದ ರಿಮ್ ಬಿರುಕು ಬಿಡುತ್ತದೆ. ಬಿರುಕಿಗೆ ವೆಲ್ಡಿಂಗ್ ಮಾಡಿಸಿ ಅದೇ ಚಕ್ರವನ್ನು ಹೆದ್ದಾರಿಗೆ ಇಳಿಸುವವರ ಧೈರ್ಯ ಮೆಚ್ಚತಕ್ಕದ್ದಲ್ಲ.

ಹೊರವ್ಯಾಸವನ್ನೇ ಮೀರಿದವರ ಪಾಡು ಬೇರೆ. 185/65 ಆರ್15 ಇದ್ದ ಕಾರಿಗೆ ಅದೇ ರಿಮ್ಮಿನ ಮೇಲೆ 205/65 ಆರ್15 ಏರಿಸಿದರೆ ಹೊರವ್ಯಾಸ 647 ಮಿ.ಮೀ. ದಾಟುತ್ತದೆ. ಶೇಕಡಾ 4ರಷ್ಟು ಹೆಚ್ಚಳವೆಂದರೆ ಮೀಟರು 100 ತೋರಿಸುವಾಗ, ಮೊದಲಿಗೆ ಹೋಲಿಸಿದರೆ, ಕಾರು 104ರ ವೇಗದಲ್ಲಿರುತ್ತದೆ. ತಿರುವಿನಲ್ಲಿ ಟೈರು ಒಳಗಿನ ಮಡ್‌ಗಾರ್ಡಿಗೆ ಉಜ್ಜಬಹುದು, ಗೇರುಗಳು ಭಾರವಾದಂತಾಗಿ ಎಳೆತ ಕುಗ್ಗುತ್ತದೆ. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದ ಎಬಿಎಸ್ ವ್ಯವಸ್ಥೆಯು ನಾಲ್ಕೂ ಚಕ್ರಗಳ ಸುತ್ತುವಿಕೆಯನ್ನು ಹೋಲಿಸಿ ಬ್ರೇಕನ್ನು ನಿಯಂತ್ರಿಸುತ್ತದೆ. ಮುಂದಿನವು ಒಂದಳತೆ, ಹಿಂದಿನವು ಇನ್ನೊಂದಳತೆ ಆದಲ್ಲಿ ಅದಕ್ಕೆ ಸಿಗುವುದು ತಪ್ಪು ಲೆಕ್ಕ.

ಹಿಡಿತವೇ ಗುರಿಯಾದರೆ ಖರ್ಚಿಲ್ಲದ ದಾರಿಗಳು ಮೊದಲು ನೆನಪಾಗಬೇಕು. ಬೇಸಿಗೆಯಲ್ಲಿ ಟೈರು ಸಿಡಿಯುವುದೆಂಬ ಭಯದಿಂದ ಗಾಳಿಯನ್ನು ನಾಲ್ಕೈದು ಪೌಂಡು ಕಡಿಮೆ ಇಡುವ ಪದ್ಧತಿ ಈ ಭಾಗದಲ್ಲಿ ಇಂದಿಗೂ ಉಂಟು. ವಾಸ್ತವ ಇದಕ್ಕೆ ವಿರುದ್ಧ. ಗಾಳಿ ಕಡಿಮೆಯಿರುವ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿಕೊಂಡು ಬಿಸಿಯೇರುತ್ತದೆ, ಆ ಬಿಸಿಯೇ ಟೈರನ್ನು ಒಡೆಯುತ್ತದೆ. ಚಾಲಕನ ಬಾಗಿಲ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ಅಳತೆಯೂ ಗಾಳಿಯ ಪ್ರಮಾಣವೂ ಇರುತ್ತವೆ. ಹಲವು ಕಾರುಗಳಲ್ಲಿ ಪೂರ್ಣ ಭಾರಕ್ಕೆ ಬೇರೆ ಅಂಕಿಯನ್ನೇ ಕೊಟ್ಟಿರುತ್ತಾರೆ. ಬೆಳಗಿನ ತಂಪಿನಲ್ಲಿ, ಕಾರು ಓಡುವ ಮೊದಲು ಅದನ್ನು ಪರೀಕ್ಷಿಸಬೇಕು. ಎರಡೇ ಹೊಸ ಟೈರು ಕೊಳ್ಳುವವರು ಅವನ್ನು ಮುಂದಕ್ಕೆ ಹಾಕಿಸುವುದೂ ತಪ್ಪು ರೂಢಿ. ಹಿಂದಿನ ಚಕ್ರಗಳು ಮಳೆಯಲ್ಲಿ ಜಾರಿದರೆ ಕಾರು ಬುಗುರಿಯಂತೆ ತಿರುಗುತ್ತದೆ, ಅದನ್ನು ಸಾಮಾನ್ಯ ಚಾಲಕ ಹಿಡಿದು ನಿಲ್ಲಿಸಲಾರ. ಆದ್ದರಿಂದ ಹೊಸವು ಹಿಂದಕ್ಕೆ ಹೋಗಬೇಕು. ನಿಯಮದ ಪ್ರಕಾರ ಟೈರಿನ ಹಲ್ಲು 1.6 ಮಿ.ಮೀ. ಆಳಕ್ಕಿಂತ ಕಡಿಮೆಯಾಗುವಂತಿಲ್ಲ, ಮಳೆಗಾಲಕ್ಕೆ ಅಷ್ಟೂ ಸಾಲದು.

ಕಾನೂನಿನ ಕಡೆಯನ್ನೂ ಕಡೆಗಣಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ಜನವರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿಯೇ ಅರ್ಥೈಸಿದೆ. ಕಂಪನಿ ಒಪ್ಪಿದ ಅಳತೆಯೊಳಗೆ ಇರುವವರಿಗೆ ಅಂಜಿಕೆಯಿಲ್ಲ. ಅದನ್ನು ದಾಟಿದವರು ಅಪಘಾತದ ನಂತರ ವಿಮಾ ಪರಿಹಾರ ಕೇಳುವಾಗ ತಕರಾರಿಗೆ ತಾವಾಗಿಯೇ ಬಾಗಿಲು ತೆರೆದಂತಾಗುತ್ತದೆ.

ಕೊಳ್ಳುವವರ ಹೊಣೆ ಇಷ್ಟಾದರೆ, ಮಾರುವವರದು ಇದಕ್ಕೂ ಮಿಗಿಲು. ಟೈರಿನ ವ್ಯಾಪಾರಿಗಳಲ್ಲಿ ಹಲವರು ವಾಣಿಜ್ಯ ಸಂಸ್ಥೆಗಳ ಸದಸ್ಯರೇ ಆಗಿರುವುದರಿಂದ ಈ ಮಾತು ಇಲ್ಲಿಯೇ ಆಡತಕ್ಕದ್ದು. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು, ತಾನು ತಯಾರಿಸದಿದ್ದರೂ ಸರಕನ್ನು ಮಾರ್ಪಡಿಸಿ, ಆ ಮಾರ್ಪಾಡೇ ಹಾನಿಗೆ ಮುಖ್ಯ ಕಾರಣವಾದಲ್ಲಿ ಮಾರಾಟಗಾರನನ್ನೂ ಹೊಣೆಯಾಗಿಸುತ್ತದೆ. ತಾನೇ ಬಾಯಿಮಾತಿನಲ್ಲಿ ಅಥವಾ ಬರಹದಲ್ಲಿ ಭರವಸೆ ಕೊಟ್ಟು ಮಾರಿದವನಿಗೂ ಅದು ತಾಗುತ್ತದೆ. “ಏನೂ ಆಗುವುದಿಲ್ಲ, ಹಾಕಿಸಿಕೊಳ್ಳಿ” ಎಂಬ ಅಂಗಡಿಯ ಮಾತು ಇನ್ನು ಮುಂದೆ ಅಷ್ಟು ಅಗ್ಗದ್ದಲ್ಲ.

ಹಾಗಾಗಿ ಜಿಲ್ಲೆಯ ಟೈರು ವ್ಯಾಪಾರಿಗಳು ಸ್ವಯಂಪ್ರೇರಿತರಾಗಿ ಒಂದು ಕ್ರಮವನ್ನು ರೂಢಿಗೆ ತರುವುದು ಅಪೇಕ್ಷಣೀಯ. ಬಿಲ್ಲಿನ ಮೇಲೆ ಟೈರಿನ ಹೆಸರು ಮತ್ತು ಬೆಲೆಯಷ್ಟೇ ಅಲ್ಲದೆ ಪೂರ್ಣ ಅಳತೆ, ಭಾರಸೂಚಿ, ವೇಗದ ಅಕ್ಷರ ಮತ್ತು ತಯಾರಿಕೆಯ ವಾರವನ್ನು ಬರೆಯಬೇಕು. ಪಕ್ಕೆಯ ಮೇಲಿನ ನಾಲ್ಕಂಕಿಯಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. 2324 ಎಂದಿದ್ದರೆ ಅದು 2024ರ 23ನೇ ವಾರದ್ದು. ಕಾರಿನ ಚೀಟಿಯಲ್ಲಿರುವ ಅಳತೆಗೂ ಮಾರಿದ ಅಳತೆಗೂ ವ್ಯತ್ಯಾಸವಿದ್ದಲ್ಲಿ ಅದನ್ನೂ ಅದೇ ಬಿಲ್ಲಿನಲ್ಲಿ ನಮೂದಿಸಿ ಗ್ರಾಹಕನ ಸಹಿ ಪಡೆಯಬೇಕು. ಹಾಗೆ ಬರೆಯಲು ಹಿಂಜರಿಕೆಯೆನಿಸುವ ಮಾರಾಟವನ್ನು ಮಾಡದಿರುವುದೇ ಲೇಸು. ಇದರಿಂದ ವ್ಯಾಪಾರ ಹೊಸಪೇಟೆಗೋ ಹುಬ್ಬಳ್ಳಿಗೋ ಹೋಗುತ್ತದೆಂಬ ಆಕ್ಷೇಪ ಬರಬಹುದು. ಕೆಲವು ಗಿರಾಕಿಗಳು ಹೋಗುವುದು ಖಂಡಿತ. ಆದರೆ ಹತ್ತಾರು ಲಾರಿಗಳಿರುವ ಸಾರಿಗೆದಾರನೂ ಕಾರ್ಖಾನೆಯ ಖರೀದಿ ವಿಭಾಗವೂ ಸರಕನ್ನು ಕೇಳುವುದು ವಿವರವಾದ ಬಿಲ್ಲು ಕೊಡುವ ಅಂಗಡಿಯಲ್ಲೇ.

2025ರ ಸೆಪ್ಟೆಂಬರ್ 22ರಿಂದ ಕಾರಿನ ಹೊಸ ಟೈರುಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಉಳಿದ ಆ ಹಣವನ್ನು ಇನ್ನೊಂದು ಇಂಚಿಗೆ ಸುರಿಯದೆ, ಅದೇ ಅಳತೆಯಲ್ಲಿ ಮಳೆಯ ಹಿಡಿತ ಉತ್ತಮವಿರುವ ಟೈರಿಗೂ, ಅಲೈನ್‌ಮೆಂಟಿಗೂ, ಸ್ಟೆಪ್ನಿಯ ಐದನೇ ಟೈರಿಗೂ ಬಳಸಲು ಇದು ಸಕಾಲ. ಈ ಐದನೆಯದನ್ನು ಪಂಕ್ಚರ್ ಆಗುವವರೆಗೆ ಯಾರೂ ನೋಡುವುದಿಲ್ಲ. ನಾಲ್ಕಕ್ಕೆ ಹೊಸ ಅಳತೆ ಹಾಕಿಸಿ ಡಿಕ್ಕಿಯಲ್ಲಿ ಹಳೆಯ ಅಳತೆಯ ಸ್ಟೆಪ್ನಿಯನ್ನೇ ಇಟ್ಟುಕೊಂಡ ಕಾರುಗಳು ಕೊಪ್ಪಳದ ಬೀದಿಗಳಲ್ಲಿ ಕಡಿಮೆಯಿಲ್ಲ. ರಾತ್ರಿ ಹಿಟ್ನಾಳದ ಬಳಿ ಪಂಕ್ಚರ್ ಆದ ದಿನ, ಹೊರವ್ಯಾಸದ ಲೆಕ್ಕವನ್ನು ಬ್ಯಾಟರಿ ಬೆಳಕಿನಲ್ಲಿ ಮಾಡಬೇಕಾಗುತ್ತದೆ.