ಕಾಯುವುದು, ಕರೆಯುವುದು, ಕರಗುವುದು

ತಂದೆಯ ಬೆರಳು ಹಿಡಿದು ದಿನಸಿ ಅಂಗಡಿಗೆ ಹೊರಟ ಐದು ವರ್ಷದ ಬಾಲಕನಿಗೆ ಓದು ಬಾರದು, ಬೆಲೆಯ ಅರಿವಿಲ್ಲ, ಒಳಗಿರುವ ತಿಂಡಿ ಜೋಳದ್ದೋ ಆಲೂಗಡ್ಡೆಯದೋ ಎಂಬುದೂ ತಿಳಿಯದು. ಆದರೂ ಅಂಗಡಿಯ ಬಾಗಿಲಿಗೆ ಮಾಲೆಮಾಲೆಯಾಗಿ ತೂಗುಬಿಟ್ಟ ಪೊಟ್ಟಣಗಳಲ್ಲಿ ತನಗೆ ಬೇಕಾದುದು ಯಾವುದೆಂಬುದನ್ನು ಆತ ಕ್ಷಣಾರ್ಧದಲ್ಲಿ ನಿಶ್ಚಯಿಸಬಲ್ಲ. ‘‘ಅಪ್ಪಾ, ಆ ಹಳದೀದು!’’ ಎಂದು ಬೆರಳು ತೋರಿದನೆಂದರೆ ತಂದೆಯ ತರ್ಕವೆಲ್ಲ ಅಲ್ಲಿಗೆ ಮುಗಿದಂತೆಯೇ. ಇಬ್ಬರೂ ಮನೆ ಸೇರುವುದರೊಳಗೆ ತಿಂಡಿ ಹೊಟ್ಟೆಯನ್ನು ಸೇರಿರುತ್ತದೆ; ಹಳದಿಯ ಹೊದಿಕೆ ಚರಂಡಿಯನ್ನು ಸೇರಿರುತ್ತದೆ. ತಿಂಡಿಯ ಆಯುಷ್ಯ ಐದು ನಿಮಿಷ. ಹೊದಿಕೆಯ ಆಯುಷ್ಯವಾದರೋ ಆ ಬಾಲಕನ ಆಯುಷ್ಯಕ್ಕಿಂತಲೂ ದೀರ್ಘವಾಗಿರಬಹುದು.

ಆಹಾರವನ್ನು ಹೊದ್ದು ಬರುವ ಪೊಟ್ಟಣಕ್ಕೆ ಮೂರು ಧರ್ಮಗಳುಂಟು. ಒಳಗಿನ ಪದಾರ್ಥವನ್ನು ಕೆಡದಂತೆ ಕಾಯುವುದು ಮೊದಲನೆಯದು. ದಾರಿಹೋಕನನ್ನು ಕಣ್ಣಿನಿಂದಲೇ ಕರೆಯುವುದು ಎರಡನೆಯದು. ಕೆಲಸ ಮುಗಿದೊಡನೆ ಸದ್ದಿಲ್ಲದೆ ಮಣ್ಣಿನಲ್ಲಿ ಕರಗುವುದು ಮೂರನೆಯದು. ಈ ಮೂರನ್ನೂ ಒಟ್ಟಿಗೆ ನಡೆಸಿಕೊಂಡು ಬರುವುದು ಎಷ್ಟು ಕಷ್ಟವೆಂಬುದೇ ಪೊಟ್ಟಣದ ಚರಿತ್ರೆ.

ಕನ್ನಡ ನಾಡಿನ ಅಡಿಗೆಮನೆಗೆ ಈ ವಿದ್ಯೆ ಹೊಸತೇನೂ ಅಲ್ಲ. ಕರಾವಳಿಯಲ್ಲಿ ಹಲಸಿನ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಕಟ್ಟಿದ ಕೊಟ್ಟೆಯೊಳಗೆ ಕಡುಬು ಬೇಯುತ್ತದೆ. ಅರಿಸಿನದ ಎಲೆಯ ಮಡಿಕೆಯೊಳಗೆ ಬೆಲ್ಲ ತೆಂಗಿನಕಾಯಿಯ ಸಿಹಿಗಡುಬು ಬೇಯುತ್ತದೆ. ಇಲ್ಲಿ ಹೊದಿಕೆಯು ಪದಾರ್ಥವನ್ನು ಕಾಯುವುದಷ್ಟೇ ಅಲ್ಲದೆ ತನ್ನ ಪರಿಮಳವನ್ನೂ ಅದಕ್ಕೆ ಧಾರೆಯೆರೆಯುತ್ತದೆ. ಬಯಲುಸೀಮೆಯಲ್ಲಿ ಮುತ್ತುಗದ ಎಲೆಗಳನ್ನು ಹೊಲಿದು ಊಟದ ಎಲೆ ಮಾಡಿದರು; ಉತ್ತರ ಕರ್ನಾಟಕದವರು ಅದನ್ನು ಪತ್ರಾವಳಿ ಎಂದರು. ಹೂವಾಡಗಿತ್ತಿ ಮಲ್ಲಿಗೆಯ ದಂಡೆಯನ್ನು ಬಾಳೆಯೆಲೆಯಲ್ಲಿ ಸುತ್ತಿ ಬಾಳೆಯ ನಾರಿನಿಂದಲೇ ಕಟ್ಟಿ ಕೊಡುತ್ತಿದ್ದಳು. ಉಂಡ ಎಲೆ ಹಸುವಿನ ಮುಂದೆ ಬೀಳುತ್ತಿತ್ತು, ಇಲ್ಲವೆ ತಿಪ್ಪೆಗೆ ಸೇರಿ ಗೊಬ್ಬರವಾಗುತ್ತಿತ್ತು. ಆದರೆ ಎಲೆಗೆ ಒಂದು ಮಿತಿಯುಂಟು. ಅದು ಒಂದು ಹೊತ್ತಿನ ಸಂಗಾತಿ. ತಿಂಗಳುಗಟ್ಟಲೆ ಗರಿಗರಿಯಾಗಿರಬೇಕಾದ ತಿಂಡಿಯನ್ನು ನೂರಾರು ಮೈಲಿ ಸಾಗಿಸುವ ಶಕ್ತಿ ಅದಕ್ಕಿಲ್ಲ.

ಆ ಶಕ್ತಿಯನ್ನು ಅರಸಿ ಹೊರಟವರಲ್ಲಿ ಅಮೆರಿಕದವರು ಮುಂದಾಳುಗಳು. 1879ರಲ್ಲಿ ಬ್ರೂಕ್ಲಿನ್ನಿನ ರಾಬರ್ಟ್ ಗೇರ್ ಎಂಬ ಕಾಗದದ ಚೀಲದ ತಯಾರಕನ ಕಾರ್ಖಾನೆಯಲ್ಲಿ ಒಂದು ಅವಘಡ ನಡೆಯಿತು. ಬೀಜದ ಚೀಲಗಳ ಮೇಲೆ ಮಡಿಕೆಯ ಗೆರೆ ಮೂಡಿಸಬೇಕಾದ ಲೋಹದ ಪಟ್ಟಿ ಸ್ಥಳ ತಪ್ಪಿ ಚೀಲಗಳನ್ನೇ ಕತ್ತರಿಸಿ ಹಾಕಿತು. ಬೇರೊಬ್ಬನಾಗಿದ್ದರೆ ಕೆಲಸಗಾರನನ್ನು ಬೈದು ಸುಮ್ಮನಾಗುತ್ತಿದ್ದನೇನೋ. ಗೇರ್ ಮಾತ್ರ, ಕತ್ತರಿಸುವುದನ್ನೂ ಮಡಿಕೆ ಮೂಡಿಸುವುದನ್ನೂ ಒಂದೇ ಒತ್ತಿನಲ್ಲಿ ಮುಗಿಸಬಹುದಲ್ಲವೇ ಎಂದು ಯೋಚಿಸಿದ. ಚಪ್ಪಟೆಯಾಗಿ ಸಾಗಿಸಿ, ಬೇಕಾದಾಗ ಬಿಚ್ಚಿ ನಿಲ್ಲಿಸಬಹುದಾದ ರಟ್ಟಿನ ಪೆಟ್ಟಿಗೆ ಅಗ್ಗವಾಗಿ ಸಿದ್ಧವಾಗುವ ಬಗೆ ಹೀಗೆ ಹುಟ್ಟಿತು.

ಆ ಕಾಲದಲ್ಲಿ ಅಲ್ಲಿನ ಅಂಗಡಿಗಳಲ್ಲಿ ಬಿಸ್ಕತ್ತುಗಳು ತೆರೆದ ಪೀಪಾಯಿಗಳಲ್ಲಿರುತ್ತಿದ್ದುವು. ಮೇಲಿನವು ಮೆತ್ತಗಾಗುತ್ತಿದ್ದುವು, ತಳದವು ಪುಡಿಯಾಗುತ್ತಿದ್ದುವು, ನಡುವಿನವುಗಳಲ್ಲಿ ಇಲಿಗೂ ಪಾಲಿರುತ್ತಿತ್ತು. 1898ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬಿಸ್ಕೆಟ್ ಕಂಪನಿ ರಟ್ಟಿನ ಪೆಟ್ಟಿಗೆಯೊಳಗೆ ಮೇಣದ ಕಾಗದವನ್ನು ಹಾಸಿ, ಅದರಲ್ಲಿ ಬಿಸ್ಕತ್ತುಗಳನ್ನು ತುಂಬಿ, ಗಾಳಿಯ ತೇವ ತಾಗದಂತೆ ಮುಚ್ಚಿ ಮಾರತೊಡಗಿತು. ಅದಕ್ಕಿಟ್ಟ ಹೆಸರು ‘ಯುನೀಡಾ’. ಆ ಹೆಸರನ್ನು ಇಂಗ್ಲಿಷಿನಲ್ಲಿ ಬಿಡಿಸಿ ಓದಿದರೆ ‘ನಿನಗೊಂದು ಬೇಕು’ ಎಂದಾಗುತ್ತದೆ! ಜಾಹೀರಾತಿನಲ್ಲಿ ಮಳೆಯಂಗಿ ತೊಟ್ಟು, ಉದ್ದನೆಯ ಬೂಟು ಮೆಟ್ಟಿ, ಬಿಸ್ಕತ್ತಿನ ಪೆಟ್ಟಿಗೆಯನ್ನು ಹಿಡಿದ ಹುಡುಗನೊಬ್ಬ ಕಾಣಿಸಿಕೊಂಡ. ಮಳೆ ಸುರಿದರೂ ಬಿಸ್ಕತ್ತು ನೆನೆಯದೆಂಬುದನ್ನು ಸಾವಿರ ಮಾತುಗಳಿಗಿಂತ ಆ ಒಂದು ಚಿತ್ರ ಚೆನ್ನಾಗಿ ಹೇಳಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು: ಚಿತ್ರವು ಕೊಳ್ಳುವವನಿಗೆ ಕೊಟ್ಟ ಮಾತನ್ನು ಪೆಟ್ಟಿಗೆ ನಡೆಸಿಕೊಟ್ಟಿತು. ಕರೆಯುವುದೂ ಕಾಯುವುದೂ ಒಂದಾಗಿದ್ದುವು. ಸತ್ಯವನ್ನೇ ಸುಂದರವಾಗಿ ಹೇಳುವ ಜಾಹೀರಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಭಾರತದ ಮನೆಮನೆಗೂ ಇಂತಹ ಚಿತ್ರಗಳು ಬಂದುವು. ಪಾರ್ಲೆ ಬಿಸ್ಕತ್ತಿನ ಹಳದಿ ಬಿಳಿ ಪಟ್ಟೆಗಳ ಮೇಣದ ಕಾಗದದ ಮೇಲಿನ ಪುಟ್ಟ ಮಗು 1960ರ ದಶಕದಲ್ಲಿ ಚಿತ್ರಕಾರ ಮಗನ್‌ಲಾಲ್ ದಯ್ಯಾ ಅವರ ಕುಂಚದಿಂದ ಮೂಡಿದುದು. ಆ ಮಗು ಯಾರೆಂದು ಎರಡು ತಲೆಮಾರಿನ ಜನ ಚರ್ಚಿಸಿದರು. ಬರಿಯ ಚಿತ್ರವೆಂದರೆ ನಂಬದವರೂ ಇದ್ದರು. 1966ರಲ್ಲಿ ಸಿಲ್ವೆಸ್ಟರ್ ಡ ಕುನ್ಹಾ ಹಾಗೂ ಯುಸ್ಟೇಸ್ ಫರ್ನಾಂಡಿಸ್ ಅಮುಲ್ ಬೆಣ್ಣೆಗಾಗಿ ನೀಲಿ ಕೂದಲಿನ, ಚುಕ್ಕಿಯಂಗಿಯ ತುಂಟ ಹುಡುಗಿಯೊಬ್ಬಳನ್ನು ಸೃಷ್ಟಿಸಿದರು. ಆಕೆ ಬೆಣ್ಣೆಯನ್ನು ಮಾರುತ್ತಲೇ ಲೋಕದ ಸುದ್ದಿಗಳನ್ನೆಲ್ಲ ಗೇಲಿ ಮಾಡುತ್ತ ಬಂದಳು. ರಸ್ತೆಯ ಬದಿಯ ದೊಡ್ಡ ಫಲಕದ ಮೇಲೆ ಆಕೆ ಈ ಸಲ ಏನೆಂದಾಳೆಂದು ಕಾಯುವವರು ಹುಟ್ಟಿಕೊಂಡರು. ಪದಾರ್ಥ ತಿಂದು ಮುಗಿದರೂ ಪೊಟ್ಟಣದ ಮುಖ ಮನಸ್ಸಿನಲ್ಲಿ ಉಳಿಯಿತು. ಕರೆಯುವ ಕಲೆಗೆ ಇದಕ್ಕಿಂತ ಹೆಚ್ಚಿನ ಸಿದ್ಧಿ ಯಾವುದು?

ಆದರೆ ಮುಖ ಹಾಗೆಯೇ ಉಳಿದು ಮೈ ಬದಲಾಯಿತು. ಮೇಣದ ಕಾಗದ ಹೋಗಿ ಪ್ಲಾಸ್ಟಿಕ್ ಬಂದಿತು. ಬಾಲಕನು ಬೆರಳು ತೋರಿದ ಆ ಹಳದಿಯ ಪೊಟ್ಟಣವನ್ನೇ ನೋಡಿ. ಒಂದೇ ಹಾಳೆಯಂತೆ ತೋರುವ ಅದರಲ್ಲಿ ಮುದ್ರಣಕ್ಕೊಂದು ಪದರ, ಗಾಳಿ ಬೆಳಕುಗಳನ್ನು ತಡೆಯಲು ಅಲ್ಯೂಮಿನಿಯಮ್ಮಿನ ತೆಳುಲೇಪ, ಅಂಚನ್ನು ಬೆಸೆಯಲು ಇನ್ನೊಂದು ಪದರ, ಹೀಗೆ ಹಲವು ಪದರಗಳು ಒಂದನ್ನೊಂದು ಅಪ್ಪಿಕೊಂಡಿರುತ್ತವೆ. ಒಳಗೆ ನೈಟ್ರೋಜನ್ ಅನಿಲವನ್ನು ತುಂಬುವುದರಿಂದ ಎಣ್ಣೆ ಕಮಟುವುದಿಲ್ಲ, ತಿಂಡಿ ಮುರಿಯುವುದಿಲ್ಲ. ಕಾಯುವ ಧರ್ಮದಲ್ಲಿ ಅದು ಪ್ರವೀಣ. ಕರೆಯುವ ಧರ್ಮದಲ್ಲಿ ಅದ್ವಿತೀಯ. ಕರಗುವ ಧರ್ಮವನ್ನು ಮಾತ್ರ ಪೂರ್ತಿಯಾಗಿ ಮರೆತಿದೆ. ಪದರಗಳನ್ನು ಬಿಡಿಸುವುದು ದುಸ್ಸಾಧ್ಯವಾದುದರಿಂದ ಹಳೆಯ ಸಾಮಾನಿನವನೂ ಅದನ್ನು ಮುಟ್ಟಲಾರ.

ಕಾನೂನು ಕಣ್ಣು ಮುಚ್ಚಿ ಕುಳಿತಿಲ್ಲ. ಕರ್ನಾಟಕ ಸರಕಾರ 2016ರಲ್ಲಿಯೇ ಪ್ಲಾಸ್ಟಿಕ್ಕಿನ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶಾದ್ಯಂತ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಚಮಚ, ಹೀರುಕೊಳವೆ, ಮಿಠಾಯಿ ಪೆಟ್ಟಿಗೆಯ ಮೇಲಿನ ತೆಳುಹೊದಿಕೆ ಮುಂತಾದವುಗಳಿಗೆ ತಡೆ ಬಿದ್ದಿತು. ಹಲವು ಪದರಗಳ ತಿಂಡಿ ಪೊಟ್ಟಣ ಆ ಪಟ್ಟಿಯಲ್ಲಿ ಸೇರಲಿಲ್ಲ; ಅದನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ನಿಯಮಗಳು ತಯಾರಕರ ಮೇಲೆ ಹೊರಿಸಿದುವು.

ಈ ಬದಲಾವಣೆಯ ಗಾಳಿಯಲ್ಲಿ ಹಳೆಯ ಎಲೆಗೆ ಹೊಸ ಗೌರವ ಬಂದಿತು. ಮಲೆನಾಡು ಕರಾವಳಿಗಳ ತೋಟಗಳಲ್ಲಿ ತಾನಾಗಿ ಉದುರುವ ಅಡಿಕೆಯ ಹಾಳೆಯನ್ನು ಆಯ್ದು, ತೊಳೆದು, ನೀರಿನಲ್ಲಿ ನೆನೆಸಿ, ಕಾದ ಅಚ್ಚಿನಲ್ಲಿ ಒತ್ತಿದರೆ ಸೊಗಸಾದ ತಟ್ಟೆಯಾಗುತ್ತದೆ. ಮರವನ್ನು ಕಡಿಯಬೇಕಿಲ್ಲ, ಅಂಟು ಬೇಕಿಲ್ಲ, ಬಣ್ಣ ಬೇಕಿಲ್ಲ. ಪ್ರತಿ ತಟ್ಟೆಯ ಮೈಮೇಲೂ ಪ್ರಕೃತಿಯೇ ಎಳೆದ ಗೆರೆಗಳ ವಿನ್ಯಾಸ, ಒಂದರಂತೆ ಇನ್ನೊಂದಿಲ್ಲ. ಸಣ್ಣ ಸಣ್ಣ ಊರುಗಳಲ್ಲಿ ಯಂತ್ರಗಳು ತಿರುಗಿದುವು. ಅನೇಕ ಸಂಸಾರಗಳಿಗೆ ಅನ್ನದ ದಾರಿಯಾಯಿತು. ತಟ್ಟೆಗಳು ಸಮುದ್ರವನ್ನು ದಾಟಿ ಅಮೆರಿಕದ ಔತಣಕೂಟಗಳನ್ನೂ ಸೇರಿದುವು.

ಅಷ್ಟರಲ್ಲಿ ಆಘಾತವೊಂದು ಬಂದೆರಗಿತು. 2025ರ ಮೇ ತಿಂಗಳಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆಗಳ ಆಮದಿನ ಬಗ್ಗೆ ಎಚ್ಚರಿಕೆ ಹೊರಡಿಸಿತು. ಅಡಿಕೆಯ ಗಿಡದಲ್ಲಿ ಸಹಜವಾಗಿರುವ ಅರೆಕೊಲಿನ್ ಮೊದಲಾದ ರಾಸಾಯನಿಕಗಳು ಆಹಾರಕ್ಕೆ ಇಳಿಯಬಹುದೆಂಬುದು ಅದರ ಆಕ್ಷೇಪಣೆ. ತಯಾರಕರು ಕಳವಳಗೊಂಡುದು ಸಹಜ. ತಲೆತಲಾಂತರದಿಂದ ಹಾಳೆಯ ಟೊಪ್ಪಿಯನ್ನು ತೊಟ್ಟು ದುಡಿದ ರೈತನಿಗೆ ಇದು ವಿಚಿತ್ರವಾಗಿಯೂ ಕಂಡೀತು. ಆದರೆ ಸಿಟ್ಟಿನಿಂದ ಈ ಪ್ರಶ್ನೆ ಬಗೆಹರಿಯದು. ‘ಹಿರಿಯರು ಬಳಸಿದರು’ ಎಂಬ ಮಾತೂ ಸಾಲದು. ಬಿಸಿ ಸಾರು ಬಿದ್ದಾಗ ಹಾಳೆಯಿಂದ ಏನು ಇಳಿಯುತ್ತದೆ, ಎಷ್ಟು ಇಳಿಯುತ್ತದೆ ಎಂಬುದನ್ನು ಅಳೆದು ತೋರಿಸುವುದು ಪ್ರಯೋಗಶಾಲೆಯ ಕೆಲಸ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಪೊಟ್ಟಣದ ವಿಜ್ಞಾನಕ್ಕೆಂದೇ ಒಂದು ವಿಭಾಗವಿದೆ. ತೋಟಕ್ಕೂ ಪ್ರಯೋಗಶಾಲೆಗೂ ನಡುವಣ ದಾರಿ ಹತ್ತಿರವಾದಷ್ಟೂ ಆ ಸಂಸಾರಗಳ ಅನ್ನ ಭದ್ರವಾದೀತು.

ಮಣ್ಣಿನಲ್ಲಿ ಕರಗಿದ ಮಾತ್ರಕ್ಕೆ ಪೊಟ್ಟಣ ಒಳ್ಳೆಯದೆನಿಸದು, ಅದು ಕಾಯುವ ಧರ್ಮವನ್ನೂ ನಡೆಸಬೇಕು ಎಂಬ ಪಾಠವನ್ನು ಈ ಪ್ರಸಂಗ ಕಲಿಸುತ್ತದೆ. ಗೃಹಿಣಿಯರಿಗಂತೂ ಈ ಪಾಠ ಅತ್ಯಗತ್ಯ. ಕಾಗದದ ಲೋಟವೆಂದು ಕೊಳ್ಳುವುದರ ಒಳಮೈಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ತೆಳುಲೇಪವಿರುತ್ತದೆ. ‘ಗೊಬ್ಬರವಾಗುತ್ತದೆ’ ಎಂದು ಮಾರುವ ಕೆಲವು ವಸ್ತುಗಳು ಕಾರ್ಖಾನೆಯ ಶಾಖದಲ್ಲಿ ಮಾತ್ರ ಗೊಬ್ಬರವಾಗುತ್ತವೆ, ಹಿತ್ತಲಿನ ಗುಂಡಿಯಲ್ಲಲ್ಲ. ಹಳೆಯ ವೃತ್ತಪತ್ರಿಕೆಯಲ್ಲಿ ಬಜ್ಜಿ ಬೋಂಡಗಳನ್ನು ಕಟ್ಟುವುದನ್ನು, ಶಾಯಿಯ ವಿಷ ಎಣ್ಣೆಗೆ ಇಳಿಯುವುದೆಂಬ ಕಾರಣದಿಂದ, 2018ರ ಆಹಾರ ಪೊಟ್ಟಣದ ನಿಯಮಗಳು ನಿಷೇಧಿಸಿವೆ. ಹಸಿರು ಬಣ್ಣವನ್ನು ಬಳಿದು ಎಲೆಯ ಚಿತ್ರವನ್ನು ಬರೆದ ಮಾತ್ರಕ್ಕೆ ಪೊಟ್ಟಣ ಎಲೆಯಾಗುವುದಿಲ್ಲ.

ಹಾಗಾದರೆ ಮೂರೂ ಧರ್ಮಗಳು ಕೂಡಿಬರುವುದು ಅಸಾಧ್ಯವೆ? ಜಪಾನಿನ ವಿನ್ಯಾಸಕಾರ ಹಿದೆಯುಕಿ ಓಕಾ ತನ್ನ ನಾಡಿನ ಹಳೆಯ ಪೊಟ್ಟಣಗಳನ್ನು ಕುರಿತು ಪ್ರಕಟಿಸಿದ ಪುಸ್ತಕವೊಂದು 1967ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದಿತು. ಅದರ ಹೆಸರೇ ‘ಐದು ಮೊಟ್ಟೆಗಳನ್ನು ಕಟ್ಟುವ ಬಗೆ’. ಹಳ್ಳಿಗರು ಐದು ಮೊಟ್ಟೆಗಳನ್ನು ಒಂದರ ಮೇಲೊಂದಿಟ್ಟು ಭತ್ತದ ಹುಲ್ಲಿನಿಂದ ಹೆಣೆದು ಕಟ್ಟುತ್ತಿದ್ದ ಕ್ರಮ ಅದರಲ್ಲಿದೆ. ಮೊಟ್ಟೆ ಒಡೆಯದು, ಹುಲ್ಲಿನ ನಡುವೆ ಬೆಳ್ಳಗೆ ಮಿನುಗಿ ಕಣ್ಣು ಸೆಳೆಯದೆ ಇರದು, ಬಿಚ್ಚಿದ ಹುಲ್ಲು ಮಣ್ಣಿಗೆ ಭಾರವಾಗದು. ಯಾವ ಕಲಾಶಾಲೆಯನ್ನೂ ಕಾಣದ ಕೈಗಳು ಸಾಧಿಸಿದ್ದನ್ನು ಇಂದಿನ ವಿನ್ಯಾಸಕಾರರೂ ಸಾಧಿಸಬಲ್ಲರು, ಕೊಳ್ಳುವವರು ಅದನ್ನು ಕೇಳಿದರೆ.

ಕೇಳುವುದು ಅಂಗಡಿಯ ಬಾಗಿಲಿನಲ್ಲಿಯೇ ಆರಂಭವಾಗಬೇಕು. ಮುಂದಿನ ಸಲ ಬಾಲಕನು ಹಳದಿಯ ಪೊಟ್ಟಣಕ್ಕೆ ಬೆರಳು ತೋರಿದಾಗ ತಂದೆ ಗದರಿಸಬೇಕಿಲ್ಲ. ‘‘ಕೊಡಿಸೋಣ, ಮಗು. ತಿಂದಾದ ಮೇಲೆ ಇದು ಎಲ್ಲಿಗೆ ಹೋಗುತ್ತೆ, ಹೇಳು ನೋಡೋಣ?’’ ಎಂದರೆ ಸಾಕು. ಬಾಲಕನಿಗೆ ಉತ್ತರ ತಿಳಿಯದಿದ್ದರೆ ತಪ್ಪೇನೂ ಇಲ್ಲ. ಪೊಟ್ಟಣವನ್ನು ತಯಾರಿಸಿದವನಿಗೆ ತಿಳಿದಿರಲೇಬೇಕು.