ಸುಗ್ಗಿಯೂ ಸರಿಯುತ್ತರವೇ

ಋತುಗಳ ಪಾಠಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಬರೆಯುವ ಪಾಠಯೋಜನೆಯಲ್ಲಿ ಪೂರ್ವಜ್ಞಾನ ಎಂದು ಒಂದೇ ಸಾಲು ಇರುತ್ತದೆ: ‘ಮಕ್ಕಳಿಗೆ ಬೇಸಿಗೆ, ಮಳೆಗಾಲ, ಚಳಿಗಾಲ ತಿಳಿದಿದೆ.’ ಕಂಪ್ಲಿಯ ಮಕ್ಕಳಿಗೆ ಅದಕ್ಕಿಂತ ಹೆಚ್ಚು ತಿಳಿದಿದೆ. ಪಾಠ ಅಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ಅಭಿಪ್ರಾಯ.

ಬೋಧನಾಭ್ಯಾಸದ ವೇಳೆ ಏಳನೇ ತರಗತಿಯಲ್ಲಿ ‘ನಿಮಗೆ ಗೊತ್ತಿರುವ ಕಾಲಗಳನ್ನು ಹೇಳಿ’ ಎಂದೆ. ಬ್ಯಾಸಿಗಿ, ಮಳಿಗಾಲ, ಚಳಿಗಾಲದ ಜೊತೆಗೆ ಮುಂಗಾರು, ಹಿಂಗಾರು, ಸುಗ್ಗಿ ಎಲ್ಲವೂ ಬಂದವು. ಒಬ್ಬ ಹುಡುಗಿ ‘ಕಾಲುವಿಗೆ ನೀರು ಬಿಡೋ ಕಾಲ, ಮಿಸ್’ ಎಂದಳು. ತರಗತಿ ನಕ್ಕಿತು. ಆದರೆ ಭತ್ತ ಬೆಳೆಯುವ ಊರಿನಲ್ಲಿ ಅದನ್ನು ತಪ್ಪೆನ್ನಲು ಸಾಧ್ಯವೇ? ತುಂಗಭದ್ರಾ ಜಲಾಶಯದಿಂದ ಎರಡನೇ ಬೆಳೆಗೆ ನೀರು ಸಿಗದ ವರ್ಷ ರೈತರ ಮನೆಯ ಬೇಸಿಗೆಯೇ ಬೇರೆ.

ಈ ಪದಗಳನ್ನು ಬಿಡಿಸಿ ನೋಡಿ. ‘ಕಾರ್’ ಎಂದರೆ ಕಪ್ಪು, ಮಳೆಮೋಡ, ಮಳೆಗಾಲ. ಮೊದಲು ಬರುವ ಕಾರು ಮುಂಗಾರು, ಹಿಂದೆ ಬರುವುದು ಹಿಂಗಾರು. ಸುಗ್ಗಿ ಎಂದರೆ ಕೊಯ್ಲಿನ ಕಾಲ. ಮದುವೆ ದಿನಗಳಲ್ಲಿ ಹೂವಿನವರಿಗೆ ಸುಗ್ಗಿ ಎಂದಾಗ ಅದೇ ಪದಕ್ಕೆ ಲಕ್ಷ್ಯಾರ್ಥ ಬಂತು.

ಪುಸ್ತಕದ ಆರು ಋತುಗಳ ಪಟ್ಟಿಯಲ್ಲಿ ಚೈತ್ರ, ವೈಶಾಖ ವಸಂತ ಋತು. ನಮ್ಮಲ್ಲಿ ಅದು ನೆತ್ತಿ ಸುಡುವ ಬಿಸಿಲಿನ ಕಾಲ. ‘ಇಪ್ಪತ್ತೈದು ವಸಂತ ಕಂಡವಳು’ ಎಂದರೆ ವಯಸ್ಸು ಎಂದು ಮಕ್ಕಳಿಗೆ ಅರ್ಥವಾಗುತ್ತದೆ. ವಸಂತದ ತಂಪು ಮಾತ್ರ ಅವರ ಅನುಭವದಲ್ಲಿಲ್ಲ.

ಪದ ಒಂದು ಕಡೆಯದು, ಹವೆ ಇನ್ನೊಂದು ಕಡೆಯದು ಆಗುವುದು ನಮ್ಮಲ್ಲಷ್ಟೇ ಅಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿ ‘ಪ್ರಿಮಾವೆರಾ’ ಎಂದರೆ ವಸಂತ. ಅಲ್ಲಿಯೂ ವಯಸ್ಸನ್ನು ವಸಂತಗಳಲ್ಲಿ ಎಣಿಸುವುದುಂಟು. ‘ವೆರಾನೊ’ ಬೇಸಿಗೆ, ‘ಇನ್ವಿಯೆರ್ನೊ’ ಚಳಿಗಾಲ. ಸ್ಪೇನಿನಲ್ಲಿ ಡಿಸೆಂಬರ್ ಕೊನೆ ಎಂದರೆ ಇನ್ವಿಯೆರ್ನೊ. ಅದೇ ಭಾಷೆಯಾಡುವ ಕೋಸ್ಟರಿಕಾದಲ್ಲಿ ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಒಣಗಾಲವೇ ವೆರಾನೊ, ಮೇ ತಿಂಗಳಿಂದ ನವೆಂಬರ್‌ವರೆಗಿನ ಮಳೆಗಾಲ ಇನ್ವಿಯೆರ್ನೊ. ಎರಡೂ ದೇಶಗಳು ಉತ್ತರಾರ್ಧಗೋಳದಲ್ಲೇ ಇವೆ. ಪದ ಯುರೋಪಿನಿಂದ ಹೋಯಿತು. ಅರ್ಥ ಕೊಟ್ಟದ್ದು ಅಲ್ಲಿನ ಮಳೆ.

ವಿಜ್ಞಾನ ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕೆ? ಭೂಮಿಯ ಅಕ್ಷ 23.5 ಡಿಗ್ರಿ ವಾಲಿರುವುದರಿಂದ ಋತುಗಳಾಗುತ್ತವೆ ಎಂದು ಕಲಿಸುತ್ತೇವೆ. ಕಂಪ್ಲಿ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಮಧ್ಯಾಹ್ನದ ಸೂರ್ಯ ಇಲ್ಲಿ ಮೇ ಆರಂಭದಲ್ಲಿ ಒಮ್ಮೆ, ಆಗಸ್ಟ್ ಎರಡನೇ ವಾರದ ಹೊತ್ತಿಗೆ ಇನ್ನೊಮ್ಮೆ ನೆತ್ತಿಯ ಮೇಲೆ ಬರುತ್ತಾನೆ. ಆದರೂ ಆಗಸ್ಟನ್ನು ಯಾರೂ ಬೇಸಿಗೆ ಎನ್ನುವುದಿಲ್ಲ. ಏಕೆ? ಮೋಡ, ಮಳೆ. ನಮ್ಮ ಕಾಲಗಳನ್ನು ಬೇರ್ಪಡಿಸುವುದರಲ್ಲಿ ಮುಂಗಾರಿನ ಪಾಲು ದೊಡ್ಡದು. ‘ಮುಂಗಾರು’ ಎಂದ ಮಗು ಆ ಪಾಠದ ಅರ್ಧವನ್ನು ಆಗಲೇ ಹೇಳಿದೆ.

ಪರೀಕ್ಷೆಯಲ್ಲಿ ಆರು ಋತುಗಳನ್ನೇ ಕೇಳಿದರೆ ಎಂಬ ಆತಂಕ ಸಹಜ. ಅವನ್ನೂ ಕಲಿಸೋಣ, ಆದರೆ ಎರಡನೆಯದಾಗಿ. ಮೊದಲ ಹತ್ತು ನಿಮಿಷ ಕಪ್ಪುಹಲಗೆಯ ಮೇಲೆ ಮೂರು ಅಂಕಣ ಎಳೆಯೋಣ: ಮನೆಯ ಪದ, ನೇರ ಅರ್ಥ, ಮಾತಿನಲ್ಲಿ ಬರುವ ಇನ್ನೊಂದು ಅರ್ಥ. ಮಕ್ಕಳೇ ತುಂಬಲಿ. ತನ್ನ ಮನೆಯ ಮಾತು ತಪ್ಪುತ್ತರ ಎಂದುಕೊಂಡ ಮಗು ಮುಂದಿನ ಪ್ರಶ್ನೆಗೆ ಕೈ ಎತ್ತುವುದಿಲ್ಲ.