ಸಿಗಡಿಗೂ ರಜೆ ಬೇಕು

ಪೆರು ದೇಶದ ಅರೆಕಿಪಾ ಪ್ರದೇಶದಲ್ಲಿ 'ಚುಪೆ ದೆ ಕಮರೋನೆಸ್' ಎಂಬ ಸಿಗಡಿ ಸೂಪ್ ಬಹಳ ಪ್ರಸಿದ್ಧ. ಹೆಸರಿಗೆ ಸೂಪ್, ಒಂದು ಬಟ್ಟಲು ಕುಡಿದರೆ ಊಟವೇ ಆಯಿತು. ಸಿಗಡಿಯ ತಲೆ, ಸಿಪ್ಪೆ ಕುದಿಸಿ ಸೋಸಿದ ನೀರಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕುತ್ತಾರೆ. ಅದರಲ್ಲಿ ಆಲೂಗಡ್ಡೆ, ಅಕ್ಕಿ, ಮೆಕ್ಕೆಜೋಳದ ತುಂಡುಗಳು ಬೇಯುತ್ತವೆ. ಕೊನೆಗೆ ಸಿಗಡಿ, ಹಾಲು, ಚೀಸ್, ಮೊಟ್ಟೆ.

ಇದನ್ನು ನಮ್ಮ ಮನೆಯಲ್ಲೂ ಮಾಡಿದ್ದೇವೆ. ಅಲ್ಲಿಯ ಮೆಣಸಿನಕಾಯಿ ಬದಲು ಬ್ಯಾಡಗಿ, ಚೀಸ್ ಬದಲು ಪನೀರ್. ಝೀಂಗಾ ತಂದಾಗ ತಲೆ, ಸಿಪ್ಪೆ ಎಸೆಯುತ್ತಿದ್ದ ಅಮ್ಮಿ ಈಗ ಎತ್ತಿಡುತ್ತಾರೆ.

ಆದರೆ ಅಲ್ಲಿಂದ ರೆಸಿಪಿ ಮಾತ್ರ ಕಲಿತರೆ ಸಾಲದು. ಮರಿ ಮಾಡುವ ಕಾಲವೆಂದು ಅಲ್ಲಿ ಪ್ರತಿವರ್ಷ ಜನವರಿಯಿಂದ ಮಾರ್ಚ್ ಕೊನೆಯವರೆಗೆ ನದಿ ಸಿಗಡಿಯನ್ನು ಹಿಡಿಯುವಂತಿಲ್ಲ, ಮಾರುವಂತಿಲ್ಲ. ನಮ್ಮ ಕರಾವಳಿಯಲ್ಲೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿದೆ.

ಬಂಡವಾಳವನ್ನೇ ತಿಂದರೆ ವ್ಯಾಪಾರ ಉಳಿಯುವುದಿಲ್ಲ ಎಂಬುದು ಕಾಮರ್ಸ್ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಮೊಟ್ಟೆ ಹೊತ್ತ ಸಿಗಡಿಯೇ ಇಲ್ಲಿ ಬಂಡವಾಳ. ಅದನ್ನು ಉಳಿಸಲು ದೋಣಿ ಕಾರ್ಮಿಕರು ಎರಡು ತಿಂಗಳು ಕಡಲಿನ ದುಡಿಮೆ ಬಿಡುತ್ತಾರೆ. ಕೊಳ್ಳುವ ನಾವು ಬಾಯಿಚಪಲ ಬಿಡಲಾರೆವೇ? ಕಾನೂನು ದೋಣಿಯನ್ನು ನಿಲ್ಲಿಸಬಹುದು, ಗಿರಾಕಿಯ ಆಸೆಯನ್ನಲ್ಲ.

ಆ ದಿನಗಳಲ್ಲಿ ಕೊಳದಲ್ಲಿ ಸಾಕಿದ ಸಿಗಡಿ ಸಿಕ್ಕರೆ ತರೋಣ. ಸಿಗದಿದ್ದರೆ ಆಲೂಗಡ್ಡೆ, ಮೊಟ್ಟೆ ಹಾಕಿಯೇ ಮಾಡೋಣ. ಪೆರುವಿನಲ್ಲೂ ಸಿಗಡಿಯಿಲ್ಲದ ಚುಪೆಗಳಿವೆ, ಅವೂ ಹೊಟ್ಟೆ ತುಂಬಿಸುತ್ತವೆ.